ಲೆಕ್ಕ ಸರಿಯಿತ್ತು

“ನಮ್ಮ ಮನೆಯೋಳು ಕಾಣ್ತಾನೇ ಇಲ್ವಲ್ಲಮ್ಮ,” ಎನ್ನುತ್ತ ಹಿಂದಿನ ಸೀಟಿನಿಂದ ಮುದುಕರೊಬ್ಬರು ಎದ್ದು ಬಂದಾಗ ಗೈಡಿನ ಎದೆ ಧಸಕ್ಕೆಂದಿತು. ಆ ಮುಖ ಅವಳ ಬಸ್ಸಿನದಲ್ಲ.

ಊಟಕ್ಕೆ ನಿಂತ ಜಾಗದಲ್ಲಿ ಪ್ರವಾಸದ ಕಂಪನಿಯ ಎರಡು ಬಿಳಿ ಬಸ್ಸುಗಳೂ ಅಕ್ಕಪಕ್ಕ ನಿಂತಿದ್ದವು. ಹೊರಡುವ ಮುಂಚೆ ಅವಳು ಬಾಗಿಲಿಂದ ಕೊನೆಯ ಸೀಟಿನ ತನಕ ತಲೆ ಎಣಿಸಿ, ಲೆಕ್ಕ ಸರಿಯಿದೆ ಎಂದು ಡ್ರೈವರಿಗೆ ಕೈ ಬೀಸಿದ್ದಳು. ಸರಿಯಿರದೆ ಏನು? ಇವಳ ಬಸ್ಸಿನ ರಿಟೈರ್ಡ್ ಮೇಷ್ಟ್ರು ಆ ಬಸ್ಸು ಹತ್ತಿದ್ದರು, ಆ ಬಸ್ಸಿನ ಮುದುಕರು ಇದನ್ನು ಹತ್ತಿದ್ದರು. ಇಬ್ಬರೂ ಹೊಟ್ಟೆ ಬಿರಿಯ ಉಂಡು, ಕೂತ ಕೂಡಲೇ ಗೊರಕೆ ಶುರು ಹಚ್ಚಿದ್ದರು. ತಲೆ ಎಣಿಸುವವರು ಮುಖ ನೋಡುವುದಿಲ್ಲ, ಅದೇ ಈ ಕಸುಬಿನ ದೊಡ್ಡ ರೋಗ.

ಅವಳಿಗೆ ಇದು ಮೊದಲ ಪ್ರವಾಸ. ದೂರಿಲ್ಲದೆ ಮುಗಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮತ್ತೆ ಟಿಕೆಟ್ ಕೌಂಟರೇ ಗತಿ ಎಂದು ಮ್ಯಾನೇಜರು ಹೇಳಿಯೇ ಕಳಿಸಿದ್ದರು. ಸಂಜೆ ಹೋಟೆಲಿನ ಬಾಗಿಲಲ್ಲಿ ಅವರೇ ನಿಂತಿರುತ್ತಾರೆ. ಸಾಲದ್ದಕ್ಕೆ ಆ ಬಸ್ಸಿನ ಗೈಡು ಮೈಕಕ್ಕ, ಮೈಕಿಲ್ಲದೆಯೂ ಮೈಲಿ ದೂರ ಕೇಳುವ ಗಂಟಲಿನ ಹೆಂಗಸು. ಆಫೀಸಿನಿಂದ ಬಂದ ಹೊಸಬಳು ಮ್ಯಾನೇಜರ ಕಿವಿಯೇ ಸೈ ಎಂದು ತೀರ್ಮಾನಿಸಿ, ‘ಆಫೀಸಮ್ಮ’ ಎಂದು ಹೆಸರಿಟ್ಟು, ಹೊರಟಂದಿನಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಆಫೀಸಮ್ಮ ಹತ್ತಿರ ಬಂದರೆ ಡ್ರೈವರುಗಳ ನಗುವೂ ನಿಂತುಹೋಗುತ್ತಿತ್ತು. ಕೆಲಸದ ಚಿಂತೆಗಿಂತ ಅವಳಿಗೆ ಅದೇ ಹೆಚ್ಚು ನೋಯುತ್ತಿತ್ತು.

ಗಟ್ಟಿ ಮನಸ್ಸು ಮಾಡಿ ಫೋನ್ ಹಚ್ಚಿದಳು.

“ಅಕ್ಕಾ, ನಿಮ್ಮ ಬಸ್ಸಿನ ತಾತ ನನ್ನ ಹತ್ರ ಇದಾರೆ.”

“ಹಾಗಾದ್ರೆ ಇಲ್ಲಿ ಗೊರಕೆ ಹೊಡೀತಿರೋ ಮಹಾನುಭಾವರು ನಿಮ್ಮೋರಾ? ಅಜ್ಜಿ ಬೇರೆ, ಗಂಡ ಹಿಂದೆಲ್ಲೋ ಹರಟೆ ಹೊಡೀತಿದಾರೆ ಅನ್ಕೊಂಡಿದಾರೆ.” ಮೈಕಕ್ಕನ ದನಿ ತಗ್ಗಿತು. “ಆಫೀಸಿಗೆ ಹೇಳಿಬಿಟ್ರಾ?”

“ನಿಮಗೇ ಮೊದ್ಲು ಮಾಡಿದ್ದು. ಮುಂದೆ ಕೆರೆ ಹತ್ರ ನಿಲ್ಸಿ. ಫೋಟೋಗೆ ಅಂತ ಎಲ್ರನ್ನೂ ಇಳಿಸೋಣ, ಅದಲು ಬದಲು ಮಾಡ್ಕೊಳ್ಳೋಣ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ.”

“ಪರವಾಗಿಲ್ವೇ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೋರು ನೀವೇನಾ?”

“ಬೀಗ ಹಾಕಿದ್ದು ನೀವಕ್ಕ.”

ಕೆರೆಯ ಬಳಿ ತಾತನನ್ನು ಕಂಡದ್ದೇ ಅಜ್ಜಿ ಸೊಂಟಕ್ಕೆ ಕೈಯಿಟ್ಟರು. “ಯಾವ ಬಾಗಿಲು ತೆಗೆದಿದ್ರೂ ನುಗ್ಗೋದೇ ಇವರ ಬುದ್ಧಿ.” ಎರಡೂ ಬಸ್ಸಿನವರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ಮುಖ ಗಂಟು ಹಾಕಿಕೊಂಡು, ಫೋನ್ ಹಿಡಿದು ಪಕ್ಕಕ್ಕೆ ಹೋದರು.

ಹೋಟೆಲು ಮುಟ್ಟುವ ಹೊತ್ತಿಗೆ ದೂರು ಅವರಿಗಿಂತ ಮುಂಚೆಯೇ ಬಂದು ಕೂತಿತ್ತು.

“ಮೇಷ್ಟ್ರು ಎಲ್ಲಾ ಹೇಳಿದ್ರು,” ಎಂದರು ಮ್ಯಾನೇಜರು, ನೇರ ಆಫೀಸಮ್ಮನನ್ನೇ ನೋಡುತ್ತ. “ಮೈಕಕ್ಕನ ಬಸ್ಸಲ್ಲಿ ಸಿಕ್ಕಿಹಾಕ್ಕೊಂಡಿದ್ರಂತೆ. ಅವಳದೇ ಎಡವಟ್ಟು ತಾನೇ? ನೀನು ಹೇಳಮ್ಮ, ನೀನು ನಮ್ಮ ಆಫೀಸಿನೋಳು.”

ಸಾಮಾನು ಇಳಿಸುತ್ತಿದ್ದ ಡ್ರೈವರುಗಳ ಕೈ ನಿಂತಿತು. ಮೈಕಕ್ಕ ನೆಲ ನೋಡಿದಳು. ಹೂಂ ಅಂದರೆ ಸಾಕಿತ್ತು, ಕೆಲಸ ಕಾಯಂ. ಆಫೀಸಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ಮೊದಲು ತಪ್ಪು ನಂದು ಸರ್. ಮುಖ ನೋಡದೆ ತಲೆ ಎಣಿಸಿದೆ. ಅವರ ತಾತ ನನ್ನ ಬಸ್ಸಲ್ಲಿದ್ರು. ಅಕ್ಕ ಬಸ್ ನಿಲ್ಲಿಸಿದ್ದಕ್ಕೆ ಸರಿಹೋಯ್ತು.”

ಮೈಕಕ್ಕ ಥಟ್ಟನೆ ತಲೆಯೆತ್ತಿದಳು. ಗಂಟಲು ಪೂರ್ತಿ ವಾಪಸು ಬಂದಿತ್ತು. “ಒಬ್ಬಳದೇ ತಪ್ಪು ಹೇಗಾಗುತ್ತೆ ಸರ್? ಇಷ್ಟು ವರ್ಷದಿಂದ ನಾನೂ ತಲೇನೇ ಎಣಿಸ್ತಿರೋದು. ಇವಳನ್ನ ಕೌಂಟರಿಗೆ ಕಳಿಸೋದಾದ್ರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕ್ಸಿ. ನಾನೂ ಬರ್ತೀನಿ.”

“ಎರಡು ಕುರ್ಚಿ ಸಾಕಾಗಲ್ಲ, ನಾಲ್ಕು ಹಾಕ್ಸಿ,” ಎಂದ ಒಬ್ಬ ಡ್ರೈವರು. ಇನ್ನೊಬ್ಬ ಸುಮ್ಮನೆ ಬಂದು ಅವನ ಪಕ್ಕ ನಿಂತ.

ಮ್ಯಾನೇಜರು ಏನೋ ಹೇಳಹೊರಟರು. ಅಷ್ಟರಲ್ಲಿ ಅಜ್ಜಿ ಅಡ್ಡ ಬಂದರು. “ಆ ಕೆರೆ ಹತ್ರ ನಿಲ್ಸಿದ್ದೇ ಚೆನ್ನಾಗಿತ್ತು ಕಣಪ್ಪಾ. ನಾಳೆನೂ ನಿಲ್ಸಿ. ನಮ್ಮ ಮನೆಯೋರನ್ನ ಬೇಕಾದ್ರೆ ಆ ಬಸ್ಸಲ್ಲೇ ಇಟ್ಕೊಳ್ಳಿ.”

ಮ್ಯಾನೇಜರು ತುಟಿ ಎಷ್ಟು ಬಿಗಿಹಿಡಿದರೂ ನಗು ನಿಲ್ಲಲಿಲ್ಲ. “ಆಯ್ತು ಮಾರಾಯ್ತಿ, ಕಾಯಂ ಅನ್ಕೋ,” ಎಂದು ಆಫೀಸಮ್ಮನಿಗೆ ಹೇಳಿ, ಮೇಷ್ಟ್ರನ್ನು ಸಮಾಧಾನಪಡಿಸಲು ಒಳಗೆ ಹೋದರು. ಡ್ರೈವರೊಬ್ಬ ಶಿಳ್ಳೆ ಹಾಕಿದ. ಆಫೀಸಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ನಿನಗೆ ಯಾವ ರೂಮೇ?” ಎಂದಳು ಮೈಕಕ್ಕ.

“ಮೇಲಿನ ಮೂಲೇದು. ಒಬ್ಬಳೇ.”

“ಒಬ್ಬಳೇ ಕೂತು ಗೋಡೆ ಹತ್ರ ಮಾತಾಡ್ತೀಯಾ? ನನ್ನ ರೂಮಲ್ಲಿ ಎರಡು ಮಂಚ ಇದೆ, ಬಾ.”

ಉತ್ತರಕ್ಕೂ ಕಾಯದೆ ಆಫೀಸಮ್ಮನ ಸೂಟ್‌ಕೇಸು ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಅದರ ಒಂದು ಚಕ್ರ ಮುರಿದಿತ್ತು. ಮೆಟ್ಟಿಲು ಮೆಟ್ಟಿಲಿಗೂ ಢಬ್ ಢಬ್ ಎನ್ನುತ್ತ ಅದು ಮೇಲೆ ಹೋಯಿತು. ಮೈಕಕ್ಕ ಅದಕ್ಕಿಂತ ಜೋರಾಗಿ ಮಾತಾಡುತ್ತಲೇ ಇದ್ದಳು.