ಕಾಗದದ ಮೇಲಿದ್ದ ಹೆಸರು

ಮತ್ತೆ ಅದೇ ಫಿನಾಯಿಲಿನ ವಾಸನೆ, ಮೂಗಿಗಲ್ಲ, ನೇರ ತಲೆಗೇ ಏರುತ್ತಿದೆ, ಈ ಬೆಂಚಿನ ಒಂದು ಕಾಲು ಗಿಡ್ಡ, ಕೊಂಚ ಮಿಸುಕಿದರೂ ಟಕ್ಕೆನ್ನುತ್ತದೆ, ಟಕ್ಕೆಂದಾಗಲೆಲ್ಲ ಬಾಗಿಲಲ್ಲಿ ಕುಳಿತ ಮರಾಠಿ ಆಯಾ ನನ್ನತ್ತ ತಿರುಗಿ ನೋಡುತ್ತಾಳೆ, ನೋಡಲಿ, ಇಂಥ ಜಾಣೆಯನ್ನು ಈ ಆಸ್ಪತ್ರೆ ಎಂದು ಕಂಡಿತ್ತು — ಸಿಟ್ ಔಟ್‌ಸೈಡ್, ವಿ ವಿಲ್ ಕಾಲ್ ಯೂ ಲಾಸ್ಟ್, ಎಂದಳು ಒಳಗಿನ ಮ್ಯಾಟ್ರನ್, ಎಲ್ಲರ ಸಂದರ್ಶನ ಮುಗಿದ ಮೇಲೆ ಕರೆಯುತ್ತಾರಂತೆ, ಅಷ್ಟರಲ್ಲಿ ನನಗೆ ನೆನಪಾಗಬೇಕಂತೆ. ನೆನಪಾಗುವುದೇನು ನನ್ನ ತಲೆ, ಹನ್ನೊಂದು ವರ್ಷ ಬಾಳುವೆ ಮಾಡಿದ ಗಂಡನ ಹೆಸರು ಮರೆಯುತ್ತದೆಯೇ, ಮರೆತಿಲ್ಲ ತಾಯಿ, ನಾಲಿಗೆಯ ತುದಿಯಲ್ಲೇ ಇದೆ, ಅಲ್ಲಿಂದ ಮುಂದಕ್ಕೆ ಬರುವುದಿಲ್ಲ ಅಷ್ಟೆ, ನಮ್ಮ ವಿಜಾಪುರದ ಕಡೆ ಯಾವ ಹೆಂಗಸು ಗಂಡನ ಹೆಸರು ಹಿಡಿದು ಮಾತಾಡಿದ್ದಾಳೆ, ಹೆಸರ ತಗೊಂಡ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ಅವ್ವ ಹೇಳಿದ್ದು, ಅವ್ವನಿಗೆ ಅವರವ್ವ ಹೇಳಿದ್ದು, ಅದನ್ನೆಲ್ಲ ಇಂಗ್ಲಿಷಿನಲ್ಲಿ ಈ ಮ್ಯಾಟ್ರನ್‌ಗೆ ಹೇಗೆ ತಿಳಿಸಲಿ, ಅದೊಂದನ್ನು ಯಾರೂ ಕಲಿಸಲಿಲ್ಲವಲ್ಲ. ಹೋಗಲಿ, ಅರ್ಜಿಯಲ್ಲಿ ಬರೆದಿದೆ, ಅವಳ ಕಣ್ಣೆದುರಿಗೇ ಇದೆ, ಇಷ್ಟುದ್ದ ಅಕ್ಷರದಲ್ಲಿ, ನಾನು ಬೆರಳಿಟ್ಟು ತೋರಿಸಿದೆ ಕೂಡ, ಓದಿಕೊಳ್ಳಬಾರದೇ? ಓದಲಿಲ್ಲ. ಕಿವುಡಿಗೆ ಹೇಳುವಂತೆ ಒಂದೊಂದೇ ಶಬ್ದ ಬಿಡಿಸಿ, ವಾಟ್, ಈಸ್, ಯುವರ್, ಹಸ್‌ಬಂಡ್ಸ್, ನೇಮ್, ಎಂದಳು, ನಾನು ಮತ್ತೆ ಬೆರಳಿಟ್ಟೆ, ಪಕ್ಕದ ಡಾಕ್ಟರಿಗೆ ಹೇಳಿದಳು, ಎಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ, ಸಣ್ಣ ಪ್ರಶ್ನೆಯೊಂದು ತಿಳಿಯುವುದಿಲ್ಲ. ಅವಳು ಅದನ್ನು ಇಂಗ್ಲಿಷಿನಲ್ಲೇ ಹೇಳಿದ್ದು, ನನಗೆ ಪೂರಾ ತಿಳಿಯಿತು.

ಬಾಯಿಪಾಠವಂತೆ. ಎರಡು ವರ್ಷ, ಪ್ರತಿ ರವಿವಾರ ಮಧ್ಯಾಹ್ನ, ಮುಲುಂಡಿನ ಕನ್ನಡ ಸಂಘದ ಕೋಣೆಯಲ್ಲಿ ರಮಾನಾಥ ಮಾಸ್ತರರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತದ್ದು ಈ ಮಾತು ಕೇಳುವುದಕ್ಕೆ, ಮಾಸ್ತರರು ಬ್ಯಾಂಕಿನ ಗುಮಾಸ್ತರು, ಕರಾವಳಿಯವರು, ಅವರ ಕನ್ನಡವೇ ನಮಗೆ ಅರ್ಧ ಇಂಗ್ಲಿಷು, ನೋಡಿ ಚನ್ನವ್ವ, ಎಂಜಾಯ್ ಬಂದರೆ ಅದರ ಹಿಂದೆ ಐಎನ್‌ಜಿ ಬರ್ತದೆ, ವಾಂಟ್ ಬಂದರೆ ಟು ಬರ್ತದೆ, ಮೇಕ್ ಬಂದರೆ ಎಂಥದೂ ಇಲ್ಲ, ಗೊತ್ತಾಯ್ತಾ, ಗೊತ್ತಾತ್ರಿ ಸರ, ಆದರ ಯಾಕ್ರಿ ಹಂಗ, ಯಾಕೆ ಅಂತ ಕೇಳಬಾರದು ಮಾರಾಯ್ತಿ, ಅದು ಹಾಗೆಯೇ — ಅದು ಹಾಗೆಯೇ ಎನ್ನುವುದು ಒಂದು ಉತ್ತರವೇ, ಆದರೂ ಒಪ್ಪಿಕೊಂಡೆ, ಇಂಗ್ಲಿಷಿನವರ ಮನೆಯ ರೀತಿ ಅದು ಎಂದು ಸುಮ್ಮನಾದೆ, ನಮ್ಮ ಮನೆಯ ರೀತಿಯನ್ನು ಅವರು ಒಮ್ಮೆಯಾದರೂ ಒಪ್ಪಬೇಕೋ ಬೇಡವೋ? ಎಣಿಸಲು ಬರುವುದಕ್ಕೆ ಮೆನಿ, ಬಾರದ್ದಕ್ಕೆ ಮಚ್, ಅಕ್ಕಿಗೆ ಮಚ್, ರೇಷನ್ನಿನ ಅಕ್ಕಿ ಎಣಿಸಾಕ ಬರತೈತ್ರಿ ಸರ ಎಂದೆ, ಕೋಣೆಯೆಲ್ಲ ನಕ್ಕಿತು, ಮಾಸ್ತರರೊಬ್ಬರು ನಗಲಿಲ್ಲ, ಪರೀಕ್ಷೆಯಲ್ಲಿ ಹೀಗೆ ಹೇಳಬೇಡಿ ಎಂದರು. ಎ ಲಿಟ್ಲ್ ಅಂದರೆ ಚೂರಾದರೂ ಇದೆ, ಬರೀ ಲಿಟ್ಲ್ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು, ಅದನ್ನು ರೊಟ್ಟಿ ಬಡಿಯುತ್ತ ಹೇಳಿಕೊಂಡೆ, ನಲ್ಲಿಯ ಸಾಲಿನಲ್ಲಿ ಹೇಳಿಕೊಂಡೆ, ಲೋಕಲಿನಲ್ಲಿ ಲೇಡೀಸ್ ಡಬ್ಬಿಯಲ್ಲಿ ನಿಂತು ತುಟಿ ಅಲುಗಿಸುತ್ತ ಹೇಳಿಕೊಂಡೆ, ಪಕ್ಕದವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡು ಸರಿದು ನಿಂತಳು. ಇವತ್ತು ಒಂದಾದರೂ ತಪ್ಪಿತೇ? ಬ್ರೀದ್‌ನಿಂದ ನಾಮಪದ ಮಾಡು ಎಂದರು, ಬ್ರೆತ್ ಎಂದೆ, ಅದಕ್ಕೆ ಲೆಸ್ ಹಚ್ಚು ಎಂದರು, ಬ್ರೆತ್‌ಲೆಸ್ ಎಂದೆ, ಅದನ್ನು ನನಗೆ ಮಾಸ್ತರರು ಕಲಿಸಬೇಕೇ, ದಿನಾ ಅದರ ಪಕ್ಕದಲ್ಲೇ ಮಲಗಿ ಏಳುವವಳು ನಾನು.

ನಮ್ಮ ಮನೆಯವರು ಕೆಳಗೆ, ಅಂಗಳದ ಕಡೆಯ ಹೊರಮೆಟ್ಟಿಲ ಮೇಲೆ ಕುಳಿತಿದ್ದಾರೆ. ಬೇಡ ಎಂದರೂ ಬಂದರು, ಪರೇಲಿನ ದಾರಿ ನನಗೇ ತೋರಿಸುವವರಂತೆ, ಹದಿನಾರು ವರ್ಷ ಇಲ್ಲೇ ಗಿರಣಿಗೆ ಬಂದವರು, ಹತ್ತಿ ಹಿಂಜುವ ಖಾತೆಯಲ್ಲಿ, ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿಯೊಳಗೆ, ಎಲ್ಲ ಕಡೆ ಬಿಳಿ ಅರಳೆ, ಮುದುಕಪ್ಪ ಬಂದ ಎಂದು ನಗುತ್ತಿದ್ದೆ, ನಕ್ಕ ಬಾಯಿಗೆ ಬೆಂಕಿ ಹಾಕ, ಆ ಅರಳೆ ಒಳಗೂ ಹೋಗುತ್ತಿದೆ ಎಂದು ತಿಳಿಯಲಿಲ್ಲವಲ್ಲ. ಸ್ಟಾಪ್ ವರ್ಕಿಂಗ್ ಇನ್ ಕಾಟನ್ ಎಂದು ಡಾಕ್ಟರ್ ಚೀಟಿಯಲ್ಲಿ ಬರೆದರು, ನಾನೇ ಓದಿ ಹೇಳಿದೆ, ಸ್ಟಾಪ್ ಬಂದರೆ ಐಎನ್‌ಜಿ, ಎಷ್ಟು ಚಂದ ಓದಿದಿ ಅಂದರು ಅವರು, ಚೀಟಿಯಲ್ಲಿ ಏನಿದೆ ಎನ್ನುವುದನ್ನು ಬಿಟ್ಟು. ಇವತ್ತು ಶುಕ್ರವಾರ, ನಾಳೆಗೆ ಅವರ ರಜೆ ಮುಗಿಯುತ್ತದೆ, ಸೋಮಾರ ಡ್ಯೂಟಿಗೆ ಹೋಗತೇನಿ, ಏನೂ ಆಗಂಗಿಲ್ಲ, ಟವೆಲ್ ಕಟಗೋತೇನಿ ಅಂತಾರೆ, ನನಗೆ ಇಲ್ಲಿ ನರ್ಸಮ್ಮನವರ ಕೈಕೆಳಗೆ ಕೆಲಸ ಸಿಕ್ಕರೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ, ಸಿಗದಿದ್ದರೆ ಮುಂದಿನ ಸಂದರ್ಶನ ಬರುವ ವರ್ಷ, ಅಲ್ಲಿಯವರೆಗೆ ಆ ಎದೆ ತಡೆಯುತ್ತದೆಯೇ? ಇಲ್ಲಿಗೆ ಎರಡು ಮಹಡಿ ಹತ್ತಬೇಕಿತ್ತು, ಆರನೆಯ ಮೆಟ್ಟಿಲಿಗೇ ಕುಳಿತುಬಿಟ್ಟರು, ನಾ ಇಲ್ಲೇ ಕುಂದರತೇನಿ, ನೀ ಹೋಗಿ ಬಾ, ಹೆದರಬ್ಯಾಡ. ನಾನು ಹೆದರಲಿಲ್ಲ, ಹೆದರಿದ್ದರೆ ಒಂದು ಮಾತಿತ್ತು, ಬಾಯಿ ಬಿದ್ದುಹೋಯಿತು. ಹೋದ ವರ್ಷ ನಮ್ಮ ರಾಜ್ಯದ ಹೆಸರನ್ನೇ ಬದಲಾಯಿಸಿದರು, ಸಂಘದಲ್ಲಿ ಪೇಡೆ ಹಂಚಿ ಹೊಸ ಹೆಸರು ಕೂಗಿಸಿದರು, ನಾನೂ ಗಂಟಲು ಹರಿಯುವಂತೆ ಕೂಗಿದೆ, ಅಷ್ಟು ದೊಡ್ಡ ನಾಡಿನ ಹೆಸರು ಕೂಗಲು ಬರುತ್ತದೆ, ಆರನೆಯ ಮೆಟ್ಟಿಲ ಮೇಲೆ ಕುಳಿತ ಒಬ್ಬ ಬಡಕಲು ಮನುಷ್ಯನ ಹೆಸರು ಬರುವುದಿಲ್ಲ, ಹೇಳಿದರೆ ಆಯುಷ್ಯ ಕಡಿಮೆ, ಹೇಳದಿದ್ದರೆ ಸೋಮವಾರ ಮತ್ತೆ ಹತ್ತಿ, ಇದೆಂಥ ಪೇಚಿಗೆ ಸಿಕ್ಕಿಸಿದೆಯೋ ಶಿವನೇ.

ಆಯಾ ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತಳು, ಕಾಯ್ ಝಾಲ ಗ ಬಾಯಿ, ಏನಾಯಿತೆಂದು ಕೇಳುತ್ತಿದ್ದಾಳೆ, ನನ್ನ ಹರಕುಮುರಕು ಮರಾಠಿಯಲ್ಲಿ ಹೇಳಿದೆ, ಗಂಡನ ಹೆಸರು ಕೇಳಿದರು ಎಂದೆನಷ್ಟೆ, ಅವಳಿಗೆ ಉಳಿದದ್ದೆಲ್ಲ ತಾನಾಗಿ ತಿಳಿಯಿತು, ಎಲೆಅಡಿಕೆಯ ಬಾಯಿ ಮುಚ್ಚಿಕೊಂಡು ನಕ್ಕಳು, ಈ ಮ್ಯಾಟ್ರನ್‌ಗೆ ಇದೆಲ್ಲ ಎಲ್ಲಿ ಗೊತ್ತು, ಉಖಾಣ್ಯಾತ್ ನಾವ್ ಘೇ ಕೀ ಗ, ಪ್ರಾಸದ ಪದ ಕಟ್ಟಿ ಅದರೊಳಗೆ ಹೆಸರು ಹೇಳು, ಎಂದಳು. ಉಖಾಣಾ. ನಮ್ಮ ಒಡಪು. ಒಡಪಿನೊಳಗಿಟ್ಟು ಹೇಳಿದರೆ ಹೆಸರಿಗೆ ದೋಷವಿಲ್ಲ, ಮದುವೆಯಾಗಿ ಹೊಸ್ತಿಲಲ್ಲಿ ನಿಂತಾಗ ನಾದಿನಿ ಅಡ್ಡಗಟ್ಟಿ ಹೆಸರು ಹೇಳು ಎಂದಿದ್ದಳು, ಪಡಸಾಲ್ಯಾಗ ಹಾಸೇರಿ ಜಮಖಾನಿ ಭಾರಿ, ಆಮೇಲೆ ಅವರ ಹೆಸರು, ಬಿಡ್ರಿ ಒಳಗಿನ ದಾರಿ, ಒಂದೇ ಉಸಿರಿನಲ್ಲಿ ಹೇಳಿ ಒಳಗೆ ನುಗ್ಗಿದ್ದೆ, ಅವರು ಹಿಂದೆ ನಿಂತು ಕಿವಿಯವರೆಗೆ ಕೆಂಪಾಗಿದ್ದರು, ಅದೇ ಮೊದಲು, ಅದೇ ಕಡೆ. ಆದರೆ ಇಲ್ಲಿ ಜಮಖಾನೆ ಹಾಸಿದರೆ ಯಾರು ಕೇಳುತ್ತಾರೆ, ಇಂಗ್ಲಿಷಿನಲ್ಲಿ ಬೇಕು, ಇಂಗ್ಲಿಷಿನಲ್ಲಿ ಒಡಪು ಕಟ್ಟಿದವರು ಯಾರಾದರೂ ಇದ್ದಾರೆಯೇ, ಟೀ ಅಂದರೆ ಮೀ, ರೈಸ್ ಅಂದರೆ, ರೈಸ್ ಅಂದರೆ ಏನು, ಮಾಸ್ತರರೇ, ಎರಡು ವರ್ಷದಲ್ಲಿ ಒಂದು ಪ್ರಾಸವನ್ನಾದರೂ ಕಲಿಸಬಾರದಿತ್ತೇ ನೀವು.

ಚನ್ನವ್ವಾ, ಎಂದು ಒಳಗಿನಿಂದ ಕೂಗಿದರು, ಇಷ್ಟು ಬೇಗ ಹೇಗೆ ಮುಗಿಯಿತು, ಇನ್ನೂ ಕಟ್ಟಿಯೇ ಇಲ್ಲ, ಏಳುತ್ತೇನೆ, ಬೆಂಚು ಟಕ್ಕೆಂದಿತು, ಆಯಾ ಬೆನ್ನಿಗೆ ಕೈ ಹಚ್ಚಿ ದೂಡುತ್ತಾಳೆ, ಒಳಗೆ ಅದೇ ಮೇಜು, ಅದೇ ಡಾಕ್ಟರು, ನನ್ನ ಕಾಗದದ ಮೇಲೆ ಪೆನ್ನು ಹಿಡಿದ ಅದೇ ಮ್ಯಾಟ್ರನ್, ಅಡ್ಡಗೆರೆ ಎಳೆಯುವುದೊಂದೇ ಬಾಕಿ, ವೆಲ್, ಎನ್ನುತ್ತಾಳೆ, ತಲೆ ಕೂಡ ಎತ್ತದೆ, ಹಸ್‌ಬಂಡ್ಸ್ ನೇಮ್. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ, ಏನು ಹೇಳಲಿ, ಏನಿದೆ ನನ್ನ ಹತ್ತಿರ, ಇರುವುದು ಆ ಅರಳೆ, ಆ ಎದೆ, ಆ ಮೆಟ್ಟಿಲು —

ಮಚ್ ಕಾಟನ್, ಲಿಟ್ಲ್ ಏರ್, ಗದಿಗೆಪ್ಪ ಈಸ್ ಸಿಟಿಂಗ್ ದೇರ್.

ಹೇಳಿಬಿಟ್ಟೆ. ಡಾಕ್ಟರ್ ತಲೆಯೆತ್ತಿದರು, ಮ್ಯಾಟ್ರನ್ ಪೆನ್ನು ನಿಂತಿತು, ಸಿಟಿಂಗ್ ವೇರ್, ಎಂದು ಕೇಳುತ್ತಾಳೆ, ದನಿ ಬೇರೆಯಾಗಿದೆ, ಕಿಟಕಿಯತ್ತ ಕೈ ತೋರಿಸಿದೆ, ಅವಳು ಕುರ್ಚಿ ಸರಿಸಿ ಏಳುವ ಮೊದಲೇ ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೇನೆ, ಹೇಳಿಬಿಟ್ಟೆನಲ್ಲ, ಪೂರಾ ಹೆಸರು ಹೇಳಿಬಿಟ್ಟೆ, ಒಡಪಿನೊಳಗೇ ಹೇಳಿದ್ದು ನಿಜ, ಇಂಗ್ಲಿಷಿನ ಒಡಪು ಆಗುತ್ತದೋ ಇಲ್ಲವೋ, ಯಾರನ್ನು ಕೇಳಲಿ, ಕೆಳಗೆ ಬಿಳಿ ಟೊಪ್ಪಿಗೆ ಕಾಣುತ್ತಿದೆ, ಗೋಡೆಗೆ ಒರಗಿಲ್ಲ, ಮುಂದಕ್ಕೆ ಬಾಗಿದ್ದಾರೆ, ಬಾಯಿಗೆ ಟವೆಲ್, ಯಾಕೆ ಅಲುಗುತ್ತಿಲ್ಲ, ರೀ, ಏನ್ರಿ — ಇಲ್ಲ, ಅಂಗಿಯ ಬೆನ್ನು ಉಬ್ಬಿತು, ತಗ್ಗಿತು, ಪಕ್ಕದಲ್ಲಿ ಮ್ಯಾಟ್ರನ್ ಬಗ್ಗಿ ನೋಡುತ್ತಿದ್ದಾಳೆ, ಮಂಡೇ ಮಾರ್ನಿಂಗ್, ಎಂಟು ಗಂಟೆಗೆ ಡ್ಯೂಟಿಗೆ ಬಾ ಎಂದೇನೋ ನನಗೇ ಹೇಳುತ್ತಿದ್ದಾಳೆ, ಯೆಸ್ ಮೇಡಂ, ಯೆಸ್, ಒಂದು ನಿಮಿಷ ಸುಮ್ಮನಿರು ತಾಯಿ, ಉಬ್ಬಿತು, ತಗ್ಗಿತು, ಈಗ ಮತ್ತೆ ಉಬ್ಬಬೇಕು, ಉಬ್ಬಬೇಕು, ಉಬ್ಬಿತು.