ಗೈರಸ್ ಎಂದರೆ

ಡಾಕ್ಟರು ಅರ್ಧ ಗಂಟೆ ವಿವರಿಸಿದ್ದರಲ್ಲಿ ತಮ್ಮನ ತಲೆಗೆ ಹತ್ತಿದ್ದು ಒಂದೇ ಪದ: ಗೈರಸ್. ಮೆದುಳಿನಲ್ಲಿ ಬಲಗೈಯನ್ನು ಆಡಿಸುವ ಗೈರಸ್ಸಿಗೆ ಒತ್ತಿಕೊಂಡು ಕಡಲೆಕಾಳಿನಷ್ಟು ಗಂಟು ಬೆಳೆದಿದೆ, ತೆಗೆಯಲೇಬೇಕು, ತೆಗೆಯುವಾಗ ಅವನು ಎಚ್ಚರವಿದ್ದು, ಹೇಳಿದಾಗಲೆಲ್ಲ ಬೆರಳು ಮಡಚಿ ಬಿಡಿಸಬೇಕು. ಗಂಟು ಹೋಗುವುದು ಖಂಡಿತ, ಕೈ ಉಳಿಯುವುದು ಖಂಡಿತವಲ್ಲ.

ಅವನೂ ಅಕ್ಕನೂ ಮೂವತ್ತೊಂದು ವರ್ಷದಿಂದ ಬಟ್ಟೆಗೆ ನೆರಿಗೆ ಕೂರಿಸುವ ಕೆಲಸದವರು. ಉದ್ದನೆಯ ಮೇಜಿನ ಆಚೆ ಅವನು, ಈಚೆ ಅವಳು. ಮಡಿಕೆ ಬಿದ್ದ ಎರಡು ರಟ್ಟಿನ ಅಚ್ಚುಗಳ ನಡುವೆ ಬಟ್ಟೆ ಹಾಸಿ, ನಾಲ್ಕು ಕೈ ಒಂದೇ ಉಸಿರಿನಲ್ಲಿ ಒತ್ತುತ್ತ ಸಾಗಬೇಕು. ಆಮೇಲೆ ಬಿಗಿದು ಕಟ್ಟಿ ಆವಿಯ ಪೆಟ್ಟಿಗೆಗೆ ಇಡಬೇಕು. ಒಂದು ಕೈ ತಪ್ಪಿದರೆ ಸಾಲು ಸೊಟ್ಟ. ಮೂರು ತಿಂಗಳ ಹಿಂದೆ ಅವನ ಬಲಗೈ ಯಾರೋ ದಾರ ಕಟ್ಟಿ ಎಳೆದಂತೆ ತಾನಾಗಿಯೇ ಎಗರಿತು. ಅಂದಿನಿಂದ ಮೇಜಿನ ಆಚೆಯ ಅಂಚು ಬರಿದಾಗಿದೆ.

ವಾರ್ಡಿಗೆ ಸೇರಿದ ದಿನದಿಂದ ಅವನು ಸಿಕ್ಕವರನ್ನೆಲ್ಲ ಆ ಪದದ ಅರ್ಥ ಕೇಳತೊಡಗಿದ. ತಲೆಯ ಚಿತ್ರ ತೆಗೆದವನು ‘ಮಡಿಕೆ’ ಎಂದ. ಪಕ್ಕದ ಹಾಸಿಗೆಯ ನಿವೃತ್ತ ಮೇಷ್ಟ್ರು ‘ಸುತ್ತು’ ಎಂದರು. ಅಷ್ಟಕ್ಕೇ ಬಿಡದೆ, ಮಗಳಿಂದ ದಪ್ಪನೆಯ ನಿಘಂಟು ತರಿಸಿ, ಕನ್ನಡಕ ಒರೆಸಿ ಓದಿದರು. ಹಳೆಯ ಕಾಲದಲ್ಲಿ ಕುದುರೆಯನ್ನು ಹಗ್ಗ ಹಿಡಿದು ಸುತ್ತಿಸಿ ಪಳಗಿಸುತ್ತಿದ್ದ ಕಣಕ್ಕೂ ಅದೇ ಹೆಸರಂತೆ.

“ಇಬ್ಬರು ಜನ, ಒಂದು ಪುಸ್ತಕ, ಮೂರು ಅರ್ಥ,” ಎಂದ ತಮ್ಮ. “ಏನು ಅಂತಲೇ ಗೊತ್ತಿಲ್ಲದ್ದನ್ನ ಇವರು ಹೇಗೆ ಕುಯ್ತಾರೆ?”

“ನಿನ್ನ ತಲೇಲಿ ಕುದುರೆನಾದ್ರೂ ಇದೆಯಲ್ಲಯ್ಯ,” ಎಂದರು ಮೇಷ್ಟ್ರು. “ನನ್ನ ತಲೇಲಿರೋದು ಕತ್ತೆ ಅಂತ ನಮ್ಮನೆಯವಳು ಕೊನೇವರೆಗೂ ಹೇಳ್ತಿದ್ಲು.”

ತಮ್ಮ ನಗಲಿಲ್ಲ. ಎದ್ದ, ಕೂತ, ಕಿಟಕಿಯವರೆಗೆ ಹೋಗಿ ಬಂದ.

“ಮೈಮೇಲೆ ಇರುವೆ ಬಿಟ್ಕೊಂಡೋನ ಥರ ಆಡ್ಬೇಡ. ಒಂದು ಕಡೆ ಕೂತ್ಕೋ,” ಎಂದಳು ಅಕ್ಕ. ಹೇಳಿದವಳೇ ತಾನೂ ಎದ್ದು, ಮಡಿಸಿಟ್ಟ ಟವೆಲನ್ನೇ ಮತ್ತೆ ಮಡಿಸಿದಳು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಕಿರಿಯ ವೈದ್ಯನೊಬ್ಬ ಬಂದು, ಬೋಳಿಸಿದ ತಲೆಯ ಮೇಲೆ ಎಡಗಿವಿಯ ಹಿಂದೆ ನೇರಳೆ ಬಣ್ಣದ ಬಾಣವೊಂದನ್ನು ಬರೆದು ಹೋದ. ಅವನು ಮರೆಯಾಗುವುದನ್ನೇ ಕಾದಿದ್ದವನಂತೆ ತಮ್ಮ, ಹಾಸಿಗೆಯ ಕೆಳಗಿನಿಂದ ತಲೆಯ ಚಿತ್ರದ ಫಿಲ್ಮ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದ.

“ನೋಡಕ್ಕ. ಗಂಟು ಯಾವ ಕಡೆ ಇದೆ?”

“ಬಲಗಡೆ.”

“ಎಗರೋ ಕೈ?”

“ಬಲಗೈ.”

“ಬಾಣ?”

ಅಕ್ಕ ಅವನ ಎಡಗಿವಿಯ ಹಿಂದೆ ಬಗ್ಗಿ ನೋಡಿದಳು.

“ಫಿಲ್ಮನ್ನ ಬೆನ್ನಿನ ಕಡೆಯಿಂದ ನೋಡಿದ್ದಾರೆ ಕಣಕ್ಕ. ನಮ್ಮಲ್ಲಿ ಹೊಸಬರು ಮಾಡೋದೇ ಇದನ್ನ.”

ಹೊಸಬರ ಮಟ್ಟಿಗೆ ಅದು ನಿಜವಾಗಿತ್ತು. ಅಚ್ಚನ್ನು ಬೋರಲು ಹಾಕಿದರೆ ಎಡವೆಲ್ಲ ಬಲವಾಗುತ್ತದೆ; ಅದನ್ನು ಮರೆತು ಗುರುತು ಹಾಕಿದ ಹೊಸಬರಿಂದ ಎಷ್ಟು ಗಜ ಬಟ್ಟೆ ಹಾಳಾಗಿದೆಯೆಂದು ಅವಳಿಗೆ ನೆನಪಿತ್ತು.

“ಹೋಗಿ ಹೇಳ್ತೀನಿ ಇರು.”

“ಹೇಳಿದ್ರೆ ಒಪ್ಕೊಳ್ತಾರಾ? ನಾವು ಯಾವತ್ತಾದ್ರೂ ಗಿರಾಕಿ ಎದುರು ತಪ್ಪು ಒಪ್ಕೊಂಡಿದ್ದೀವಾ? ನಿನ್ನ ಚೀಲದಲ್ಲಿ ಪೆನ್ಸಿಲ್ ಇರುತ್ತಲ್ಲ, ತೆಗಿ.”

ಅಚ್ಚಿಗೆ ಗುರುತು ಹಾಕುವ, ತುದಿ ಒದ್ದೆ ಮಾಡಿದರೆ ನೇರಳೆ ಬರೆಯುವ ಪೆನ್ಸಿಲದು. ಮೂವತ್ತೊಂದು ವರ್ಷ ಅವನು ಹೇಳಿದಲ್ಲಿ ಅವಳು ಗುರುತು ಹಾಕಿದ್ದಳು. ಸ್ಪಿರಿಟ್ಟಿನ ಹತ್ತಿಯಿಂದ ಬಾಣವನ್ನು ಒರೆಸಿ, ಬಲಗಿವಿಯ ಹಿಂದೆ ಇನ್ನೊಂದನ್ನು ಬರೆದಳು. ಮೊದಲಿನದಕ್ಕಿಂತ ಇದೇ ನೆಟ್ಟಗೆ ಬಂತು.

ಒಂಬತ್ತಕ್ಕೆ ಅವನನ್ನು ಕರೆದೊಯ್ದರು.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಅಕ್ಕ ಕೂರಲಾರದೆ ಕೂತಳು. ಕೈಯಲ್ಲಿದ್ದ ಚೀಟಿಯನ್ನು ನೆರಿಗೆ ನೆರಿಗೆಯಾಗಿ ಮಡಿಸಿದಳು. ಎದುರಿನಿಂದ ಹಿಡಿಯುವ ಕೈಗಳಿಲ್ಲದೆ ಅದು ಬಿಚ್ಚಿಕೊಂಡಿತು. ಆಗ ಗಾಲಿಕುರ್ಚಿಯಲ್ಲಿ ಮೇಷ್ಟ್ರು ಬಂದರು. ದೂರದಿಂದಲೇ ಅವಳ ಕಡೆ ಕೈ ಬೀಸಿದರು. ಬೀಸಿದ್ದು ಬಲಗೈ, ಅವಳ ಕಣ್ಣಿಗೆ ಅದು ಎಡಕ್ಕಿತ್ತು. ಅವಳು ಆ ಕೈಯನ್ನೇ ನೋಡಿದಳು. ಫಿಲ್ಮಿನಲ್ಲಿದ್ದ ತಲೆ ತಮಗೆ ಬೆನ್ನು ಹಾಕಿತ್ತೋ, ಎದುರು ನಿಂತಿತ್ತೋ? ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ತಾನು ಬರೆದಿದ್ದೆ ಎಂಬುದಷ್ಟೇ ತಿಳಿಯಿತು.

“ಏನಮ್ಮ, ಹುಷಾರಿಲ್ವಾ?” ಎಂದು ಮೇಷ್ಟ್ರು ಕೇಳುವಷ್ಟರಲ್ಲಿ ಅವಳು ಕಾರಿಡಾರಿನ ತುದಿ ಮುಟ್ಟಿ, ಆಪರೇಷನ್ ಕೋಣೆಯ ಬಾಗಿಲನ್ನು ಅಂಗೈಯಿಂದ ಬಡಿಯುತ್ತಿದ್ದಳು.

ಬಾಗಿಲು ತೆರೆದವರು ಡಾಕ್ಟರೇ. ಅಕ್ಕನಿಗೆ ಮಗಳಾಗಬಹುದಾದ ವಯಸ್ಸಿನ ಹೆಣ್ಣುಮಗಳು. ಮುಖಗವಸು ಕತ್ತಿನಲ್ಲಿ ಜೋತಾಡುತ್ತಿತ್ತು.

“ಡಾಕ್ಟ್ರೇ, ಅವನ ತಲೆ ಮೇಲಿರೋ ಬಾಣ ನಾನು ಬರೆದಿದ್ದು. ನಿಮ್ಮೋರು ಎಡಗಡೆ ಬರೆದಿದ್ರು. ಅಳಿಸಿ ಬಲಗಡೆ ಹಾಕ್ದೆ.”

ಡಾಕ್ಟರು ಅವಳನ್ನೊಮ್ಮೆ, ಅವಳ ನೇರಳೆ ಬೆರಳನ್ನೊಮ್ಮೆ ನೋಡಿದರು. “ಯಾಕಮ್ಮ?”

“ನೀವು ಫಿಲ್ಮನ್ನ ಉಲ್ಟಾ ನೋಡಿದ್ದೀರಿ ಅಂದ್ಕೊಂಡ್ವಿ.”

“ಆ ಚಿತ್ರ ನಮ್ಮೆದುರಿಗಿರೋ ಮನುಷ್ಯನ ಥರ. ಅವರ ಎಡ ನಮ್ಮ ಬಲಕ್ಕೆ ಬರುತ್ತೆ. ಬಲಗೈ ಆಡಿಸೋದು ಎಡಗಡೆ ಮೆದುಳು.” ಅವರು ಉಸಿರೆಳೆದುಕೊಂಡರು. “ನಾವು ಬಾಣ ಒಂದನ್ನೇ ನಂಬಲ್ಲ, ಇನ್ನೂ ಎರಡು ಸಲ ನೋಡ್ತೀವಿ. ಆದ್ರೂ ಇಂಥದ್ದು ಮಾಡಬಾರದಮ್ಮ.”

“ಬೈಯಿರಿ, ಪರವಾಗಿಲ್ಲ. ಒಂದು ಮಾತು ಹೇಳ್ಬಿಡಿ. ಆ ಗೈರಸ್ ಅಂದ್ರೆ ಏನು? ಒಬ್ಬರು ಮಡಿಕೆ ಅಂತಾರೆ, ಒಬ್ಬರು ಸುತ್ತು. ಪುಸ್ತಕದಲ್ಲಿ ನೋಡಿದ್ರೆ ಕುದುರೆ.”

“ಎಲ್ಲಾ ಸರಿನೇ. ಹೆಸರಿಟ್ಟೋರು ಹೊರಗಿನ ಆಕಾರ ನೋಡಿ ಇಟ್ರು. ಅದು ಕೈ ಆಡಿಸುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.”

“ನಿಮಗೆ ಗೊತ್ತಾ?”

“ಸುಮಾರಾಗಿ ಗೊತ್ತು. ಒಬ್ಬೊಬ್ಬರದು ಒಂದೊಂದು ಥರ ಮಡಿಸಿರುತ್ತೆ. ಅದಕ್ಕೇ ಅವರನ್ನ ಎಚ್ಚರವಾಗಿಟ್ಕೊಂಡು, ಕೇಳ್ಕೊಂಡು ಕೇಳ್ಕೊಂಡು ಹೋಗೋದು.”

‘ಸುಮಾರಾಗಿ’ ಎಂಬ ಆ ಮಾತು ಅಕ್ಕನಿಗೆ ಬೇರೆಲ್ಲ ಭರವಸೆಗಿಂತ ಹಿಡಿಸಿತು. ಹೊಸ ಬಟ್ಟೆ ತಂದ ಗಿರಾಕಿಗೆ ಅವಳೂ ಹಾಗೆಯೇ ಹೇಳುತ್ತಿದ್ದಳು: ಕೈಗೆ ಬರಲಿ, ನೋಡೋಣ.

ತೆರೆದ ಬಾಗಿಲಾಚೆ ತಳ್ಳುಮಂಚದಲ್ಲಿ ಮಲಗಿದ್ದ ತಮ್ಮನಿಗೆ ಎಲ್ಲವೂ ಕೇಳಿಸಿತ್ತು. ಡಾಕ್ಟರು ಅವಳನ್ನು ಒಂದು ನಿಮಿಷ ಒಳಗೆ ಬಿಟ್ಟರು.

“ಹೇಳ್ಬಿಟ್ಯಲ್ಲ. ನನ್ನ ಮಾನ ತೆಗೆದೆ.”

“ಮಾನ ಹೋದ್ರೆ ಹೋಗ್ಲಿ. ಕೈ ಬೇಕು ನಂಗೆ.”

“ಹೆಸರಿನ ಅರ್ಥ ಕೂಡ ನೆಟ್ಟಗೆ ಗೊತ್ತಿಲ್ಲ ಇವರಿಗೆ.”

“ಒಂದೇ ಕಡೆ ಮಲಗೋ ನೆರಿಗೆಗೆ ನಾವು ಚಾಕು ನೆರಿಗೆ ಅಂತೀವಿ. ಅದು ಯಾವತ್ತಾದ್ರೂ ಒಂದು ಬದನೆಕಾಯಿ ಹೆಚ್ಚಿದೆಯೇನೋ?”

ಅವನು ಮುಖ ಆಚೆ ತಿರುಗಿಸಿದ. ದಾದಿ ಬಲಗಿವಿಯ ಹಿಂದಿನ ಬಾಣವನ್ನು ಒರೆಸತೊಡಗಿದಳು. ಗಟ್ಟಿ ಬಣ್ಣ, ಬೇಗ ಹೋಗಲಿಲ್ಲ.

ಆಮೇಲಿನ ನಾಲ್ಕು ಗಂಟೆ ಅಕ್ಕ ಬೆಂಚಿಗೂ ಬಾಗಿಲಿಗೂ ನಡುವೆ ಸವೆದಳು. ಯಾರೋ ನೀರು ಕೊಟ್ಟರು. ಲೋಟ ಹಿಡಿದು ನಡೆದಳು, ಕುಡಿಯಲಿಲ್ಲ. ಒಳಗೆ ಅವನ ಮೆದುಳಿನ ಮೇಲೆ ಈಗ ಬೆಳಕು ಬಿದ್ದಿರಬೇಕು, ಅವನೇ ಎಂದೂ ಕಾಣದ ಆ ಮಡಿಕೆಗಳ ಮೇಲೆ, ಅನ್ನಿಸಿದಾಗ ಕಾಲು ಇನ್ನಷ್ಟು ಬಿರುಸಾಯಿತು.

ಕೊನೆಗೆ ದಾದಿ ಹೊರಬಂದಳು. “ಗಂಟು ತೆಗೆದಾಯ್ತು, ಈಗ ಹೊಲಿಗೆ ಹಾಕ್ತಿದ್ದಾರೆ. ಏನು ಬಾಯಮ್ಮ ನಿಮ್ಮ ತಮ್ಮಂದು! ಬೆರಳು ಮಡಚಿ ಅಂದ್ರೆ ಮಡಚ್ತಾರೆ, ಬಿಡಿಸಿ ಅಂದ್ರೆ ಬಿಡಿಸ್ತಾರೆ, ಮಧ್ಯೆ ಮಧ್ಯೆ ನಿಮ್ಮನ್ನ ಬೈತಾರೆ. ಅಕ್ಕನ ಹತ್ರ ಇನ್ನು ಮಾತಾಡಲ್ಲವಂತೆ.”

“ಯಾವ ಕೈ ಮಡಚ್ತಿದ್ದಾನೆ?”

“ಬಲಗೈ. ಹೆಬ್ಬೆರಳು ಸ್ವಲ್ಪ ನಿಧಾನ.”

ಅಕ್ಕ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. “ಬೈಯ್ಲಿ ಬಿಡಿ,” ಎಂದಳು, ಮತ್ತು ಬೆಳಗ್ಗೆಯಿಂದ ಮೊದಲ ಸಲ ಬೆನ್ನು ಗೋಡೆಗೆ ಒರಗಿಸಿ ಕೂತಳು.