ಚುಕ್ಕಿ ಮೇಷ್ಟ್ರ ಆಮೆ

ನನ್ನ ಭಾವ ಯಾವುದನ್ನಾದರೂ ಮನಸ್ಸಿಟ್ಟು ನೋಡಬೇಕೆಂದರೆ ಮೊದಲು ಅದರಿಂದ ಮೂರು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಉಳಿದವರು ಕಣ್ಣರಳಿಸಿ ಮುಂದಕ್ಕೆ ಬಾಗುವಲ್ಲಿ ಅವರು ಕತ್ತನ್ನು ತುಸು ಎಡಕ್ಕೆ ವಾಲಿಸಿ, ರೆಪ್ಪೆಗಳನ್ನು ಅರ್ಧ ಮುಚ್ಚಿ, ಎದುರಿನ ವಸ್ತು ಮಂಜು ಮಂಜಾಗುವ ತನಕ ಕಾದು, ಆಮೇಲೆ ನೋಡುತ್ತಾರೆ. ಅಕ್ಕನ ಪರಿಚಯವಾದ ದಿನವೂ ಹೀಗೆಯೇ ಹಿಂದೆ ಹಿಂದೆ ಹೋಗಿ ಯಾರದೋ ಸೈಕಲ್ಲಿಗೆ ಎಡವಿ ಬಿದ್ದರಂತೆ. "ಬಿದ್ದಿದ್ದಕ್ಕೇ ಒಪ್ಕೊಂಡೆ ಕಣೋ. ನಿಂತೇ ಇದ್ದಿದ್ರೆ ಯಾರು ಒಪ್ತಿದ್ರು ಈ ಮನುಷ್ಯನ್ನ?" ಎಂದು ಅಕ್ಕ ಈಗಲೂ ಅವರ ಮುಂದೆಯೇ ಹೇಳುತ್ತಾಳೆ. ಭಾವ ಒಂದು ಕ್ಷಣ ಯೋಚಿಸಿ, "ಒಂದು ಲೆಕ್ಕಕ್ಕೆ ಅದೂ ಸರಿ" ಎನ್ನುತ್ತಾರೆ.

ಈ 'ಒಂದು ಲೆಕ್ಕಕ್ಕೆ' ಅವರ ಮಾತಿನ ಹೊಸ್ತಿಲು. ಅದನ್ನು ದಾಟದೆ ಅವರ ಬಾಯಿಂದ ಯಾವ ಅಭಿಪ್ರಾಯವೂ ಹೊರಗೆ ಬಂದದ್ದಿಲ್ಲ. ಕಿಟಕಿ ತೆರೆಯಲೇ ಎಂದರೆ ಒಂದು ಲೆಕ್ಕಕ್ಕೆ ತೆರೆಯಬಹುದು, ಇನ್ನೊಂದು ಲೆಕ್ಕಕ್ಕೆ ಧೂಳು. ಅವರು ಎರಡನೆಯ ಲೆಕ್ಕ ಮುಗಿಸುವಷ್ಟರಲ್ಲಿ ಅಕ್ಕ ಕಿಟಕಿ ತೆರೆದು, ಮುಚ್ಚಿ, ಒಳಗೆ ಹೋಗಿರುತ್ತಾಳೆ.

ಅವರದು ಚುಕ್ಕಿಗಳ ಕಸುಬು. ಬಸ್ಸಿನ ಹಣೆಯ ಮೇಲೆ, ಅಂಗಡಿಯ ಬಾಗಿಲಿನ ಮೇಲೆ ಕೆಂಪಗೆ ಹಸಿರಗೆ ಓಡುವ ಎಲ್‌ಇಡಿ ಬೋರ್ಡುಗಳಿಗೆ ಅಕ್ಷರ, ಬಾಣ, ಕೊಡೆ, ಮೀನು, ಓಡುವ ಮನುಷ್ಯ, ಇವನ್ನೆಲ್ಲ ಒಂದೊಂದು ಚೌಕ ತುಂಬಿಸುತ್ತ ಬರೆದುಕೊಡುವುದು. ಹದಿನಾರು ಚೌಕದ ಎತ್ತರದಲ್ಲಿ ಒಬ್ಬ ಮನುಷ್ಯನಿಗೆ ತಲೆ, ಕೈ, ಕಾಲು, ಆತುರ, ಎಲ್ಲವನ್ನೂ ಕೊಡಬೇಕು. ಒಂದು ಚೌಕ ಹೆಚ್ಚಾದರೆ ಅವನಿಗೆ ಗೂನು ಬರುತ್ತದೆ. ಕಾರ್ಖಾನೆಯಲ್ಲಿ ಅವರಿಗೆ ಚುಕ್ಕಿ ಮೇಷ್ಟ್ರು ಎಂದೇ ಹೆಸರು. ಬೂದುಬಣ್ಣದ ಉದ್ದ ಕೋಟು, ಅದರ ಎಡಜೇಬಿನಲ್ಲಿ ಚೌಕಳಿ ಕಾಗದದ ಪುಟ್ಟ ಪುಸ್ತಕ, ಬಲಜೇಬಿನಲ್ಲಿ ಬೋರ್ಡು ಉರಿಯುವುದನ್ನು ಫೋಟೋ ತೆಗೆಯಲೆಂದು ಫೋನು. ಬರೆದದ್ದು ಉರಿದಾಗ ಹೇಗೆ ಕಾಣುತ್ತದೆಂದು ಫೋಟೋ ತೆಗೆದು ನೋಡುವುದು ಆ ಕಸುಬಿನವರಿಗೆ ಉಸಿರಾಟದಷ್ಟು ಸಹಜ. ಕಂಪ್ಯೂಟರಿನ ಮುಂದೆ ಕೂತಾಗ ಇನ್ನೊಂದು ಹಟವಿತ್ತು: ಚಿತ್ರ ಯಾವಾಗಲೂ ಪರದೆಯ ಎಡ ಮೇಲ್ಮೂಲೆಯಲ್ಲೇ ಇರಬೇಕು, ಎಂಟು ಪಟ್ಟು ಹಿಗ್ಗಿಸಿಯೇ ಇರಬೇಕು. ಯಾರಾದರೂ ಅದನ್ನು ಬೆರಳಗಲ ಸರಿಸಿದರೆ ಮನೆಯ ಗೋಡೆಯನ್ನೇ ಯಾರೋ ಜರುಗಿಸಿದಂತೆ ಕಂಗಾಲಾಗುತ್ತಿದ್ದರು.

ಹೊಸ ಕಂಪ್ಯೂಟರು ಬಂದಾಗ ಹಳೆಯ ಸಾಫ್ಟ್‌ವೇರ್ ಅದರಲ್ಲಿ ಕೂರಲಿಲ್ಲ. ಹಳೆಯ ಯಜಮಾನರ ಮಗ, ಈಗಿನ ಓನರ್, "ಮೇಷ್ಟ್ರೇ, ಪಿಕ್ಸೆಲ್ ಚಿತ್ರ ಬರೆಯೋಕೆ ನಿಮಗೆ ಯಾವ್ದು ಬೇಕೋ ಆರಿಸ್ಕೊಳ್ಳಿ, ನನಗೇನೂ ಗೊತ್ತಾಗಲ್ಲ" ಎಂದು ಭಾರವನ್ನು ಅವರ ತಲೆಗೆ ಕಟ್ಟಿದರು. ಭಾವ ಮೂರನ್ನು ತರಿಸಿ, ಮೂರರಲ್ಲೂ ಮಡಚಿದ ಕೊಡೆಯ ಚಿತ್ರವನ್ನೇ ಬರೆದು ನೋಡಿದರು. ಮೊದಲನೆಯದು ಎಲ್ಲರೂ ಬಳಸುವ, ಎಲ್ಲವೂ ಇರುವ, ಪಳಗಿದ ಕುದುರೆ. ಎರಡನೆಯದು ಪುಕ್ಕಟೆ, ಮಂದ. ಮೂರನೆಯದು ಎಲ್ಲೋ ದೂರದ ದೇಶದಲ್ಲಿ ಒಬ್ಬಳೇ ಹೆಂಗಸು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದದ್ದು. "ಇದು ಇನ್ನೂ ಮುಗಿದಿಲ್ಲ, ಮುಖ್ಯವಾದ ಕೆಲಸಕ್ಕೆ ಬಳಸಬೇಡಿ" ಎಂದು ಕೆಂಪಕ್ಷರದಲ್ಲಿ ಅವಳೇ ಎಚ್ಚರಿಸಿದ್ದಳು. ಅದು ಹನ್ನೊಂದನೆಯ ನಿಮಿಷಕ್ಕೆ ಕ್ರ್ಯಾಶ್ ಆಗಿ, ಬರೆಯುತ್ತಿದ್ದ ಕೊಡೆಯ ಹಿಡಿಯ ಸಮೇತ ಬಿದ್ದುಹೋಯಿತು.

ಭಾವ ಆರಿಸಿದ್ದು ಅದನ್ನೇ.

ಏಕೆಂದು ಕೇಳಿದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಸಿಕ್ಕಿತು. ಓನರ್ ಕೇಳಿದಾಗ ಬಣ್ಣಗಳ ಪಟ್ಟಿ ಚೆನ್ನಾಗಿದೆ ಎಂದರು, ಅಕ್ಕನಿಗೆ ಮೌಸು ಹಗುರವಾಗಿ ಓಡುತ್ತದೆ ಎಂದರು. ಒಂದು ಭಾನುವಾರ ಬೆಳಿಗ್ಗೆ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, ಲೋಟವನ್ನು ತಿರುಗಿಸುತ್ತ, ಮೂರನೆಯ ಕಾರಣ ಹೇಳಿದರು.

"ಅದು ಬಿದ್ದಾಗ ಒಂದು ಸಾಲು ಬರುತ್ತೆ ಕಣೋ. 'ಕ್ಷಮಿಸಿ, ಇಲ್ಲಿ ಬಿದ್ದುಹೋದೆ. ನೀವು ಆಗ ಏನು ಮಾಡ್ತಾ ಇದ್ರಿ, ಹೇಳ್ತೀರಾ?' ಅಂತ. ಇಪ್ಪತ್ತೆರಡು ವರ್ಷದಿಂದ ಚುಕ್ಕಿ ಇಡ್ತಾ ಇದೀನಿ, ಏನು ಮಾಡ್ತಾ ಇದ್ರಿ ಅಂತ ಯಾರೂ ಕೇಳಿರಲಿಲ್ಲ."

"ನಾನು ದಿನಾ ಕೇಳ್ತೀನಲ್ರೀ!" ಜೊತೆಯಲ್ಲಿ ಬಂದಿದ್ದ ಅಕ್ಕ ಅಂದಳು.

"ನೀನು ಕೇಳೋದು ಬೇರೆ ಧಾಟಿ."

ಅಂದಿನಿಂದ ಭಾನುವಾರದ ಬೆಳಗು ಅದನ್ನು ಕಟ್ಟುತ್ತಿದ್ದ ಹೆಂಗಸಿಗೆ ಬರೆಯುವ ಪತ್ರಗಳಿಗೆ ಮೀಸಲಾಯಿತು. ಭಾವನ ಪಾಲಿಗೆ ಅವಳಿಗೆ ಕೊಡುವ ಬೆಂಬಲ ಎಂದರೆ ಇಷ್ಟೇ: ಮುಗಿಯದ ವಸ್ತುವನ್ನು ಮೊದಲೇ ಕೊಂಡು, ಅದು ಎಲ್ಲೆಲ್ಲಿ ಎಡವುತ್ತದೆಂದು ಪ್ರಾಮಾಣಿಕವಾಗಿ ತಿಳಿಸುವುದು. ಅವರು ಹೇಳುತ್ತಿದ್ದರು, ಅವರಿಗೂ ಆಯಮ್ಮನಿಗೂ ಅರೆಬರೆ ಬರುವ ಒಂದು ಭಾಷೆಯಲ್ಲಿ ನಾನು ಬರೆಯುತ್ತಿದ್ದೆ. ಚಿಕ್ಕವಳೋ ದೊಡ್ಡವಳೋ ತಿಳಿಯದ ಆ ಹೆಂಗಸನ್ನು ಭಾವ ಮೊದಲಿನಿಂದಲೂ ಆಯಮ್ಮ ಎಂದೇ ಕರೆದರು. ಅಳಿಸುವ ರಬ್ಬರು ಪಕ್ಕದ ಚೌಕವನ್ನೂ ಅಳಿಸುತ್ತದೆ ಎಂದು ಒಂದು ವಾರ, ನೀಲಿಯನ್ನು ಉಳಿಸಿದರೆ ನೇರಳೆಯಾಗಿ ಏಳುತ್ತದೆ ಎಂದು ಇನ್ನೊಂದು ವಾರ. ಅವಳು ಪ್ರತಿಯೊಂದಕ್ಕೂ ಉತ್ತರಿಸುತ್ತಿದ್ದಳು. ಕೆಲವು ಸರಿಹೋಗುತ್ತಿದ್ದವು, ಸರಿಹೋದದ್ದರ ಪಕ್ಕದಲ್ಲಿ ಹೊಸದೊಂದು ಕೆಡುತ್ತಿತ್ತು. ಸಾಫ್ಟ್‌ವೇರ್ ಮುಂದಕ್ಕೆ ಹೋಗುತ್ತಿದೆಯೋ ಸುತ್ತು ಹೊಡೆಯುತ್ತಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಭಾವನಿಗೂ ತಿಳಿಯುತ್ತಿರಲಿಲ್ಲವೆಂದು ಕಾಣುತ್ತದೆ. ಆದರೆ ಅವರಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಆಗಲೇ ಆಮೆಯ ಕೆಲಸ ಬಂದದ್ದು. ಒಂದು ಮಕ್ಕಳ ಆಸ್ಪತ್ರೆಯವರು ಕಾಯುವ ಕೋಣೆಯಿಂದ ಎಕ್ಸ್‌ರೇ ಕೋಣೆಯವರೆಗಿನ ಕಾರಿಡಾರಿನ ಗೋಡೆಯುದ್ದಕ್ಕೂ, ಮಗುವಿನ ಎದೆಯೆತ್ತರಕ್ಕೆ, ಒಂದು ಬೋರ್ಡು ಬೇಕೆಂದರು. ಅದರಲ್ಲಿ ಒಂದು ಆಮೆ ನಡೆಯಬೇಕು. ಹೆದರಿದ ಮಕ್ಕಳು ಅದರ ಜೊತೆಜೊತೆಗೆ ನಡೆದುಕೊಂಡು ಹೋಗಬೇಕು. ಇಪ್ಪತ್ತನಾಲ್ಕು ಭಂಗಿಗಳ ಆ ನಡಿಗೆಗೆ ಭಾವ ನಾಲ್ಕು ತಿಂಗಳು ತೆಗೆದುಕೊಂಡರು. ಮುಂಗಾಲು ಎತ್ತುವಾಗ ಚಿಪ್ಪು ಎಷ್ಟು ಓರೆಯಾಗುತ್ತದೆ, ಕಣ್ಣು ಮಿಟುಕಿಸುವುದು ಹೆಜ್ಜೆಗೆ ಮೊದಲೋ ಆಮೇಲೋ ಎಂದು ಚೌಕಳಿ ಪುಸ್ತಕ ತುಂಬಿಹೋಯಿತು. ಅಕ್ಕ, "ನಿಮ್ಮ ಆಮೆಗಿಂತ ನಿಜವಾದ ಆಮೆ ಬೇಗ ಬರುತ್ತೆ, ಅದನ್ನೇ ಕಳಿಸ್ಬಿಡಿ" ಅಂದಳು.

ಆ ನಾಲ್ಕು ತಿಂಗಳ ಪತ್ರಗಳಲ್ಲೆಲ್ಲ ಒಂದೇ ದೂರು ಮತ್ತೆ ಮತ್ತೆ ಬಂತು. ಯಾವ ಚಿತ್ರ ತೆರೆದರೂ ಮೇಲಿನಿಂದ ಐದನೆಯ ಸಾಲಿನ ಒಂಬತ್ತನೆಯ ಚೌಕದಲ್ಲಿ ಒಂದು ಕಪ್ಪು ಚುಕ್ಕಿ. ಅಳಿಸಿದರೆ ಹೋಗದು, ಬಣ್ಣ ತುಂಬಿದರೆ ಮುಚ್ಚದು. ಭಾವ ತಮ್ಮ ಕಸುಬಿನ ರೂಢಿಯಂತೆ ಫೋನಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದರು. ಹಳೆಯ ಕೊಡೆಯ ಫೈಲನ್ನೂ ಕಳಿಸಿದರು. ಆಯಮ್ಮ ಬರೆದಳು: "ಫೋಟೋದಲ್ಲಿ ಚುಕ್ಕಿ ಇದೆ, ಫೈಲಿನಲ್ಲಿ ಇಲ್ಲ. ಹಾಗಾದರೆ ಉಳಿಸುವಾಗ ನನ್ನ ಸಾಫ್ಟ್‌ವೇರ್ ಏನನ್ನೋ ಕಳೆದುಕೊಳ್ಳುತ್ತಿದೆ. ನನಗೆ ಹೆದರಿಕೆಯಾಗಿದೆ. ಆ ಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ." ಎರಡು ತಿಂಗಳು ಕಟ್ಟಿದಳು. ಹೊಸ ಆವೃತ್ತಿ ಬಂದ ದಿನ ಭಾವ ಸಂಭ್ರಮದಿಂದ ಇಪ್ಪತ್ತನಾಲ್ಕು ಭಂಗಿಗಳನ್ನೂ ಒಂದೇ ಸಲಕ್ಕೆ ತೆರೆದರು. ಪ್ರತಿಯೊಂದೂ ತೆರೆದ ಕೂಡಲೇ ಹೊಸ ರೀತಿಗೆ ಮಾರ್ಪಾಡಾಯಿತು, ಮಾರ್ಪಾಡಾಗುತ್ತಲೇ ಚೆದುರಿತು. ಚಿಪ್ಪು ಒಂದು ಕಡೆ, ಕಾಲುಗಳು ಒಂದು ಕಡೆ, ನಡುವೆ ಬಣ್ಣಗಳ ಹಿಟ್ಟು. ಹಳೆಯ ಆವೃತ್ತಿಯನ್ನು ಮತ್ತೆ ಹಾಕಿದರೂ ಅದು ಆ ಫೈಲುಗಳನ್ನು ಗುರುತಿಸಲಿಲ್ಲ. ಆಸ್ಪತ್ರೆಯ ಕಾರಿಡಾರು ತೆರೆಯಲು ಒಂಬತ್ತು ದಿನ ಉಳಿದಿತ್ತು.

ಓನರ್ ಬೈಯಲಿಲ್ಲ. ಮಧ್ಯಾಹ್ನವೇ ಹೋಗಿ ಆ ಪಳಗಿದ ಕುದುರೆಯನ್ನು ಕೊಂಡು ತಂದು ತಾವೇ ಕಂಪ್ಯೂಟರಿಗೆ ಹಾಕಿದರು. ಆ ಹೊತ್ತಿಗೆ ನಾನೂ ಅಲ್ಲಿದ್ದೆ. ಭಾವನ ಹಟದಂತೆ ಎಡ ಮೇಲ್ಮೂಲೆಯಲ್ಲೇ, ಎಂಟು ಪಟ್ಟು ಹಿಗ್ಗಿ, ಖಾಲಿ ಬಿಳಿ ಹಾಳೆ ತೆರೆದುಕೊಂಡಿತು. ಐದನೆಯ ಸಾಲು, ಒಂಬತ್ತನೆಯ ಚೌಕ. ಕಪ್ಪು ಚುಕ್ಕಿ.

"ಇದರಲ್ಲೂ ಬಂತಲ್ಲ!" ಎಂದರು ಭಾವ, ಬಹುಮಟ್ಟಿಗೆ ಸಂತೋಷದಿಂದ.

ಓನರ್ ಮೌಸು ಹಿಡಿದು ಚಿತ್ರವನ್ನು ಪರದೆಯ ಬಲಕ್ಕೆ ಎಳೆದರು. ಚಿತ್ರ ಹೋಯಿತು. ಚುಕ್ಕಿ ಅಲ್ಲೇ ನಿಂತಿತು.

"ಅಯ್ಯೋ ಮೇಷ್ಟ್ರೇ, ಸ್ಕ್ರೀನ್‌ನಲ್ಲಿ ಒಂದು ಪಿಕ್ಸೆಲ್ ಸತ್ತಿದೆ ಅಷ್ಟೆ!"

ಭಾವ ಹಿಂದಕ್ಕೆ ಸರಿದರು; ಮೂರು ಹೆಜ್ಜೆಗೆ ನಿಲ್ಲದೆ ಗೋಡೆಯ ತನಕ ಹೋದರು. ಅಲ್ಲಿಂದ ಅವರಿಗೆ ಏನು ಕಂಡಿತೋ ನನಗೆ ತಿಳಿಯದು. ಸತ್ತ ಚುಕ್ಕಿಗೆ ಮದ್ದು ಹುಡುಕುತ್ತ ಆಯಮ್ಮ ಎರಡು ತಿಂಗಳು ಕಳೆದಿದ್ದಳು. ಆ ಮದ್ದು ತಿರುಗಿ ಬಂದು ಆಮೆಯನ್ನು ಚೆದುರಿಸಿತ್ತು. ಯಾರು ಯಾರನ್ನು ಕೆಡಿಸಿದರು ಎಂದು ನಾನು ಎಣಿಸಹೊರಟರೆ ಬೆರಳು ಮೊದಲು ಭಾವನ ಕಡೆ, ಆಮೇಲೆ ಪತ್ರ ಬರೆದ ನನ್ನ ಕಡೆಯೇ ತಿರುಗುತ್ತಿತ್ತು.

"ಇದನ್ನ ಆಕೆಗೆ ಹೇಳ್ಬೇಡಿ," ಎಂದರು ಓನರ್. "ಫೈಲ್ ತೆರೀತಿಲ್ಲ, ಸರಿಮಾಡಿಕೊಡಿ ಅಂತ ಮಾತ್ರ ಬರೀರಿ. ಸಿಟ್ಟು ಬಂದು ಕೈಬಿಟ್ರೆ ನಮ್ಮ ಗತಿ ಏನು?"

"ಒಂದು ಲೆಕ್ಕಕ್ಕೆ..." ಎಂದು ಶುರುಮಾಡಿದ ಭಾವ ಅಲ್ಲಿಗೇ ನಿಲ್ಲಿಸಿದರು. ಎರಡನೆಯ ಲೆಕ್ಕ ಬರಲೇ ಇಲ್ಲ.

ಆ ಸಂಜೆ ನಾನು ಬರೆದ ಕರಡಿನಲ್ಲಿ "ನಮ್ಮ ಪರದೆಯಲ್ಲಿಯೂ ಕಿಂಚಿತ್ ದೋಷವಿರುವ ಸಂಭವವುಂಟು" ಎಂಬ ಮೆತ್ತನೆಯ ವಾಕ್ಯವಿತ್ತು. ಭಾವ ಅದನ್ನು ಎರಡು ಸಲ ಓದಿಸಿಕೊಂಡರು. "ಇದು ಯಾರಿಗೂ ಅರ್ಥವಾಗದ ಹಾಗೆ ಚೆನ್ನಾಗಿದೆ ಕಣೋ. ಹೊಡೆದುಹಾಕು. ಹೀಗೆ ಬರಿ: ಚುಕ್ಕಿ ನಿಮ್ಮದಲ್ಲ. ನಮ್ಮ ಪರದೆಯದು. ನಾನು ಚಿತ್ರವನ್ನ ಒಂದು ಸಲ ಸರಿಸಿ ನೋಡಿದ್ರೆ ಗೊತ್ತಾಗ್ತಿತ್ತು, ಸರಿಸಲಿಲ್ಲ. ನಿಮ್ಮ ಎರಡು ತಿಂಗಳು ನನ್ನಿಂದ ಹೋಯ್ತು."

"ಆಮೆ ವಿಷಯ?"

"ಅದನ್ನ ಈ ಪತ್ರದಲ್ಲಿ ಕೇಳ್ಬಾರದು. ತಪ್ಪು ಒಪ್ಕೊಂಡು ಅದೇ ಉಸಿರಲ್ಲಿ ಸಹಾಯ ಕೇಳಿದ್ರೆ ಏನೋ ಒಂಥರಾ ಆಗುತ್ತೆ."

"ಆಸ್ಪತ್ರೆಯೋರು?"

"ಅದೇ ನನಗೂ ಗೊತ್ತಾಗ್ತಿಲ್ಲ," ಎಂದರು, ನಿಜವಾಗಿಯೂ ದಿಕ್ಕುತೋಚದೆ. "ಕಳಿಸು."

ನಾಲ್ಕು ದಿನ ಉತ್ತರವಿಲ್ಲ. ಭಾವ ಆಮೆಯನ್ನು ಮೊದಲಿಂದ ಬರೆಯತೊಡಗಿದರು, ಅದೂ ಆಯಮ್ಮನ ಆ ಹೊಸ ಆವೃತ್ತಿಯಲ್ಲಿಯೇ. "ಮತ್ತೆ ಅದರಲ್ಲೇನಾ ಮೇಷ್ಟ್ರೇ? ನಾನು ಕೊಂಡು ತಂದಿದ್ದು?" ಎಂದು ಓನರ್ ತಲೆ ಚಚ್ಚಿಕೊಂಡರು. ಭಾವ ತಪ್ಪಿತಸ್ಥನಂತೆ ಮುಖ ಮಾಡಿದರೇ ವಿನಾ ಕೈ ನಿಲ್ಲಿಸಲಿಲ್ಲ. ನಾಲ್ಕು ದಿನಕ್ಕೆ ಎರಡು ಭಂಗಿ ಆಯಿತು. ಊಟದ ತಟ್ಟೆಯಲ್ಲಿ ಅವರು ಅನ್ನದ ಅಗುಳುಗಳನ್ನು ಸಾಲಾಗಿ ಜೋಡಿಸುತ್ತಿರುವುದನ್ನು ಕಂಡು ಅಕ್ಕ, ಎಂದೂ ಇಲ್ಲದ ಮೆಲುದನಿಯಲ್ಲಿ, "ಏನು ಮಾಡ್ತಾ ಇದೀರಿ?" ಎಂದು ಕೇಳಿದಳಂತೆ. "ನಿಜವಾಗ್ಲೂ ಗೊತ್ತಿಲ್ಲ ಕಣೆ" ಅಂದರಂತೆ.

ಐದನೆಯ ದಿನ ಪತ್ರ ಬಂತು. "ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಹಳೆಯದಕ್ಕೇ ಹಿಂತಿರುಗೋಣವೆಂದು ಮೂರನೆಯ ದಿನ ಕೂತೆ. ಯಾವುದನ್ನು ನಿಮ್ಮ ಚುಕ್ಕಿಗಾಗಿ ಬದಲಿಸಿದೆ, ಯಾವುದನ್ನು ನನಗೇ ಬೇಕೆಂದು ಬದಲಿಸಿದೆ ಎಂದು ಈಗ ನನಗೇ ಬಿಡಿಸಲಾಗುತ್ತಿಲ್ಲ. ಹೊಸದು ಒಳ್ಳೆಯದೋ ಹಳೆಯದೋ ತಿಳಿಯದು. ಹೊಸದನ್ನು ತೆರೆದಿದ್ದೀರಲ್ಲ, ನಿಮ್ಮ ಹಳೆಯ ಚಿತ್ರಗಳಿಗೆ ಏನಾದರೂ ಆಯಿತೇ? ಅದನ್ನೇಕೆ ಬರೆಯಲಿಲ್ಲ? ಕಳಿಸಿ, ಕೈಯಿಂದಲೇ ಬಿಡಿಸಿ ನೋಡುತ್ತೇನೆ."

ಹತ್ತೊಂಬತ್ತು ಭಂಗಿಗಳನ್ನು ಅವಳು ಒಂದೊಂದು ಚೌಕವಾಗಿ ಹುಡುಕಿ ಜೋಡಿಸಿ ಮರಳಿಸಿದಳು. ಐದು ಸಿಗಲಿಲ್ಲ. ಆ ಐದನ್ನು ಭಾವ ಎರಡು ದಿನದಲ್ಲಿ ಹೊಸದಾಗಿ ಬರೆದರು, ಆದರೆ ಮೊದಲು ಹೇಗಿದ್ದವೆಂದು ಅವರಿಗೆ ನೆನಪಾಗಲಿಲ್ಲ. ಚೌಕಳಿ ಪುಸ್ತಕ ನೋಡಿದರೂ ಕಾಲು ಕೂಡಿಬರಲಿಲ್ಲ. ಹಾಗಾಗಿ ಆ ಆಮೆ ಸರಾಗವಾಗಿ ನಡೆಯುತ್ತ ನಡೆಯುತ್ತ ಒಂದು ಕಡೆ ತಟ್ಟನೆ ನಿಂತು, ಕತ್ತನ್ನು ಅತ್ತಿತ್ತ ಹೊರಳಿಸಿ, ಏನೋ ಮರೆತುಹೋದಂತೆ ಕಾಲು ಎತ್ತಿ ಇಳಿಸಿ, ಮತ್ತೆ ಹೊರಡುತ್ತದೆ. ಓನರ್ ನೋಡಿ, "ಇದು ಹೀಗೇನಾ?" ಎಂದರು. ಬೇರೆ ದಾರಿಯಿಲ್ಲದೆ ಅದನ್ನೇ ಗೋಡೆಗೆ ಹಾಕಿದರು.

ಕಾರಿಡಾರು ತೆರೆದ ಮರುದಿನ ಭಾವನೂ ನಾನೂ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತೆವು. ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡ ಒಂದು ಪುಟ್ಟ ಹುಡುಗಿ ತಾಯಿಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಬರಲಾರೆನೆಂದು ಜಗ್ಗುತ್ತ ಬಂದಳು. ಆಮೆ ಹೊರಟಿತು. ಅವಳು ಕಣ್ಣೀರಿನಲ್ಲೇ ಅದರ ಜೊತೆ ನಾಲ್ಕು ಹೆಜ್ಜೆ ಹಾಕಿದಳು. ಆಮೆ ನಿಂತಿತು. ಭಾವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಅಮ್ಮಾ, ಅದಕ್ಕೆ ದಾರಿ ಗೊತ್ತಿಲ್ಲ," ಎಂದಳು ಹುಡುಗಿ. ಸೆರಗನ್ನು ಬಾಯಿಂದ ಬಿಟ್ಟು, ಗೋಡೆಗೆ ಬಾಗಿ, "ಈ ಕಡೆ, ಬಾ ಬಾ," ಎಂದು ಒಳ್ಳೆಯ ಕೈಯಿಂದ ಎಕ್ಸ್‌ರೇ ಕೋಣೆಯ ಬಾಗಿಲನ್ನು ತೋರಿಸಿದಳು. ಆಮೆ ಹೊರಟಿತು, ಅವಳು ಮುಂದೆ, ಅದು ಹಿಂದೆ.

ಲೋಕದಲ್ಲಿ ಮುಗಿದ ವಸ್ತುಗಳಿಗೆ ಕೊರತೆಯಿಲ್ಲ, ಅವುಗಳನ್ನು ಕೊಂಡು ಸುಖವಾಗಿರುವ ಜಾಣರಿಗೂ ಕೊರತೆಯಿಲ್ಲ. ನಡುವೆ ಅಲ್ಲೊಬ್ಬರು ಇಲ್ಲೊಬ್ಬರು, ಇನ್ನೂ ಕಟ್ಟುತ್ತಿರುವುದರ ಕೆಳಗೆ ಹೋಗಿ ಹೆಗಲು ಕೊಟ್ಟು ನಿಲ್ಲುತ್ತಾರೆ. ಅವರು ಅದನ್ನು ಎತ್ತಿಹಿಡಿದಿದ್ದಾರೋ, ಅದಕ್ಕೆ ಆತುಕೊಂಡು ತಾವೇ ನಿಂತಿದ್ದಾರೋ ನೋಡುವವರಿಗೆ ತಿಳಿಯುವುದಿಲ್ಲ. ಹತ್ತಿರದಿಂದ ಬಲ್ಲ ನನಗೂ ತಿಳಿದಿಲ್ಲ. ಅವರ ಸಹಾಯದಿಂದ ಕೆಲಸ ಕೆಡುವುದೂ ಉಂಟು. ಹಾಗೆ ಕೆಟ್ಟ ದಿನ ಓಡಿಹೋಗದೆ, ಕೆಡಿಸಿದ್ದು ನಾನು ಎಂದು ಬರೆದು ಕಳಿಸಿ, ಉತ್ತರ ಬರುವ ಮುಂಚೆಯೇ ಮೊದಲ ಚೌಕವನ್ನು ಮತ್ತೆ ತುಂಬಲು ಕೂರುವ ಈ ಮಂದಿಯನ್ನು ಏನೆಂದು ಕರೆಯಬೇಕೋ ನನಗಿನ್ನೂ ಹೊಳೆದಿಲ್ಲ. ದಾರಿ ಗೊತ್ತಿರುವವರ ಹಿಂದೆ ನಾವು ನಡೆಯುತ್ತೇವೆ, ಸರಿಯೇ. ಇಂಥವರ ಜೊತೆ ನಡೆಯುವಾಗ ಮಾತ್ರ, ದಾರಿ ಹುಡುಕುವ ಪಾಲು ನಮಗೂ ಬರುತ್ತದೆ.